ನೀರಿನ ರಾಕೆಟ್ ಕಿಟ್: ಮೂರು ಸ್ಟಾರ್, ಒಂದು ವಾಲ್ವ್ ಪಿನ್

ಮೊದಲೇ ಹೇಳಿಬಿಡುತ್ತೇನೆ, ಕಿಟ್ ಕೆಟ್ಟದ್ದಲ್ಲ. 1,450 ರೂಪಾಯಿ ಕೊಟ್ಟೆ, ಅಷ್ಟಕ್ಕೆ ಮೋಸ ಇಲ್ಲ. ಆದರೆ ಮೊದಲ ಎರಡು ಭಾನುವಾರ ಅದು ಸರಿಯಾಗಿ ಹಾರಲಿಲ್ಲ. ಯಾಕೆ ಹಾರಲಿಲ್ಲ ಅಂತ ಹುಡುಕುವುದರಲ್ಲಿ ನನಗೆ ಮೂರು ವಾರ ಹೋಯಿತು. ಅರ್ಜೆಂಟ್ ಇದ್ದವರು ಇಷ್ಟೇ ಓದಿದರೆ ಸಾಕು: ಕಿಟ್ ತಗೊಳ್ಳಿ, ಜೊತೆಗೆ ಮೀಟರ್ ಇರುವ ಪಂಪ್ ತಗೊಳ್ಳಿ, ಪಂಕ್ಚರ್ ಅಂಗಡಿಯಿಂದ ಎರಡು ವಾಲ್ವ್ ಪಿನ್ (ಟ್ಯೂಬಿನ ವಾಲ್ವಿನೊಳಗೆ ಕೂತು ಗಾಳಿ ತಡೆಯುವ ಚಿಕ್ಕ ಪಿನ್) ತಂದಿಟ್ಟುಕೊಳ್ಳಿ. ಪುರುಸೊತ್ತು ಇದ್ದವರಿಗೆ ಉಳಿದದ್ದು.

ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ಟೆಸ್ಟಿಂಗ್ ಬೆಂಚಿನ ಮೇಲೆ ಕೆಲಸ ಮಾಡುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ಕೆಲಸ ಏನು ಅಂದರೆ, ವಾಲ್ವ್ ಮುಚ್ಚುವುದು, ಒಂದು ಕಡೆಯಿಂದ ಆರು ಕೆಜಿ ಒತ್ತಡದ ಗಾಳಿ ಬಿಡುವುದು, ಇನ್ನೊಂದು ಕಡೆ ನೀರು ತುಂಬಿ ಗುಳ್ಳೆ ಏಳುತ್ತದಾ ಅಂತ ಕಣ್ಣು ಮಿಟುಕಿಸದೆ ನೋಡುವುದು. ಟೆಫ್ಲಾನ್ ಸೀಟಿನ ವಾಲ್ವ್ ಆದರೆ ಒಂದೇ ಒಂದು ಗುಳ್ಳೆ ಬಂದರೂ ವಾಪಸ್. ಅಂದರೆ ಸೋರಿಕೆ ಹಿಡಿಯುವುದೇ ನನ್ನ ಅನ್ನ. ಇದನ್ನು ಮುಂಚೆಯೇ ಹೇಳಿದ್ದೇಕೆ ಅಂದರೆ, ಮುಂದೆ ನನ್ನ ಮರ್ಯಾದೆ ಹೋಗುವ ಜಾಗ ಒಂದಿದೆ. ಅಲ್ಲಿ ನಿಮಗೆ ನಗು ಬರಲಿ ಅಂತ.

ಮಗಳು ಏಳನೇ ಕ್ಲಾಸು. ಶಾಲೆಯ ವಿಜ್ಞಾನ ದಿನಕ್ಕೆ ಏನಾದರೂ ಹಾರಿಸಬೇಕು ಅಂತ ಹಟ ಹಿಡಿದಳು. ಮದ್ದಿನ ರಾಕೆಟ್ ಬೇಡ ಅಂತ ಅವಳ ಅಮ್ಮ. ಹಾಗಾಗಿ ನೀರಿನ ರಾಕೆಟ್.

ಡಬ್ಬಿಯಲ್ಲಿ ಬರುವುದು ಇಷ್ಟು: ಮೂರು ಕಾಲಿನ ಪ್ಲಾಸ್ಟಿಕ್ ಸ್ಟ್ಯಾಂಡು, ನಡುವೆ ಬಾಟಲಿ ಕೂರುವ ಕೊಳವೆ, ಅದಕ್ಕೊಂದು ರಬ್ಬರ್ ರಿಂಗು, ಬಾಟಲಿಯ ಕುತ್ತಿಗೆ ಹಿಡಿಯುವ ನಾಲ್ಕು ಹಲ್ಲು, ಹಲ್ಲು ಬಿಡಿಸಲು ಐದು ಮೀಟರ್ ದಾರ, ಒಂದು ಅಡಿ ಉದ್ದದ ಗಾಳಿ ಪೈಪು, ಪೈಪಿನ ತುದಿಗೆ ಬೈಕ್ ಟ್ಯೂಬಿನದೇ ಥರದ ವಾಲ್ವು, ನಾಲ್ಕು ರೆಕ್ಕೆ, ಒಂದು ಮೂತಿ. ಬಾಟಲಿ ನಮ್ಮದೇ. ಸೋಡಾ ಅಥವಾ ಕೋಲಾದ ಒಂದೂಕಾಲು ಲೀಟರಿನದು ಆಗಬೇಕು. ಕುಡಿಯುವ ನೀರಿನ ತೆಳು ಬಾಟಲಿ ಬೇಡವೇ ಬೇಡ, ಅದು ಒಡೆಯುತ್ತದೆ. ಮೂರನೇ ಒಂದು ಪಾಲು ನೀರು ಹಾಕಿ, ತಲೆಕೆಳಗಾಗಿ ಕೂರಿಸಿ, ಗಾಳಿ ಹೊಡೆದು ದಾರ ಎಳೆದರೆ ನೀರು ಕೆಳಗೆ ನುಗ್ಗುತ್ತದೆ, ಬಾಟಲಿ ಮೇಲೆ ಹೋಗುತ್ತದೆ. ಹೋಗಬೇಕು.

ಮೊದಲ ಕಿರಿಕಿರಿ ಮನೆಯಲ್ಲೇ ಶುರು. ನಮ್ಮ ಸೈಕಲ್ ಪಂಪಿನ ಬಾಯಿ ಹಳೆ ಕಾಲದ ಸೈಕಲ್ ಟ್ಯೂಬಿಗೆ ಹೊಂದುವಂಥದ್ದು. ಈ ವಾಲ್ವಿಗೆ ಕೂರಲ್ಲ. ಡಬ್ಬಿಯ ಮೇಲೆ ದೊಡ್ಡದಾಗಿ ‘ಯಾವುದೇ ಸೈಕಲ್ ಪಂಪ್ ನಡೆಯುತ್ತದೆ’ ಅಂತ ಬರೆದಿದೆ. ನಡೆಯಲ್ಲ. ಪಕ್ಕದ ಮನೆಯವರ ಪಂಪ್ ಬೇಡಿ ತಂದೆವು.

ಭಾನುವಾರ ಬೆಳಿಗ್ಗೆ ಮನೆ ಹಿಂದಿನ ಖಾಲಿ ಸೈಟಿಗೆ ಹೋದೆವು. ಎಲ್ಲಿಂದ ಬಂದವೋ ಎಂಟು ಹತ್ತು ಮಕ್ಕಳು ಸೇರಿದವು. ಮೂವತ್ತು ಸಲ ಪಂಪ್ ಹೊಡೆದೆ. ಪೈಪು ಒಂದೇ ಅಡಿ ಅಲ್ವಾ, ಪಂಪ್ ಅಲ್ಲೇ ಬಿಟ್ಟರೆ ರಾಕೆಟ್ ಬಿದ್ದು ಪಕ್ಕದವರ ವಸ್ತು ಹಾಳಾಗುತ್ತದೆ ಅಂತ ಪಂಪ್ ಬಿಚ್ಚಿ ದೂರ ಇಟ್ಟೆ. ಸ್ಟ್ಯಾಂಡು ನೆಟ್ಟಗೆ ಮಾಡಿದೆ. ಮಕ್ಕಳನ್ನು ಹಿಂದೆ ಸರಿಸಿದೆ. ಮಗಳು ದಾರ ಹಿಡಿದಳು. ಎಲ್ಲರೂ ಸೇರಿ ಹತ್ತರಿಂದ ಇಳಿಕೆಯಲ್ಲಿ ಎಣಿಸಿದರು. ಒಬ್ಬ ಏಳು ಆದ ಮೇಲೆ ಐದು ಅಂದ, ಜಗಳ ಆಗಿ ಮತ್ತೆ ಹತ್ತರಿಂದ. ದಾರ ಎಳೆದಳು.

ಬಾಟಲಿ ಕಂಪೌಂಡ್ ಗೋಡೆಯ ಎತ್ತರಕ್ಕೆ ಎದ್ದಿತು. ಅಲ್ಲೇ ಮಗ್ಗುಲಾಯಿತು. ನನ್ನ ಪ್ಯಾಂಟಿನ ಮೇಲೆ ಅರ್ಧ ನೀರು ಸುರಿದು ಬಿತ್ತು. ಒಬ್ಬ ಪುಟ್ಟ ಹುಡುಗ ಬಹಳ ಸಮಾಧಾನದಿಂದ ಹೇಳಿದ, “ಅಂಕಲ್, ಕೊಡ ಉರುಳಿದಂಗಾತು.”

ಮಗಳು ನಗಲಿಲ್ಲ. “ಅಪ್ಪಾ, ಎಫ್10 ಆತಲ್ಲ ಇದು,” ಅಂದಳು.

ಅವಳು ಹೇಳಿದ್ದು ಇಸ್ರೋದ ಜಿಎಸ್ಎಲ್‌ವಿ ಎಫ್10. 2021ರ ಆಗಸ್ಟ್ 12, ಬೆಳಗಿನ ಜಾವ 5.43ಕ್ಕೆ ಶ್ರೀಹರಿಕೋಟದಿಂದ ಹಾರಿದ ರಾಕೆಟ್. ಆಗ ಅವಳು ಮೂರನೇ ಕ್ಲಾಸು, ಶಾಲೆ ಎಲ್ಲ ಫೋನಿನಲ್ಲೇ. ಬೇಗ ಎದ್ದು ಕಂಬಳಿ ಹೊದ್ದುಕೊಂಡು ಇಬ್ಬರೂ ಲೈವ್ ನೋಡಿದ್ದೆವು. ಒಳಗಿದ್ದದ್ದು ಇಒಎಸ್-03, 2,268 ಕೆಜಿ ಭಾರದ ಉಪಗ್ರಹ. ಎತ್ತರದಲ್ಲಿ ಒಂದೇ ಕಡೆ ನಿಂತು ಇಡೀ ದೇಶದ ಮೇಲೆ ಕಣ್ಣಿಡಬೇಕಿತ್ತು. 2020ರ ಮಾರ್ಚಿನಲ್ಲೇ ಹೋಗಬೇಕಿದ್ದದ್ದು ಹಿಂದಿನ ದಿನ ನಿಂತಿತ್ತು, ಆಮೇಲೆ ಕೊರೊನಾ ಬಂತು. ಅಷ್ಟು ಕಾದ ರಾಕೆಟ್ಟು. ಮೊದಲ ಹಂತ ಚೆನ್ನಾಗಿ ಹೋಯಿತು. ಎರಡನೆಯದೂ. ಮಗಳು ಚಪ್ಪಾಳೆ ತಟ್ಟಿದಳು. ಮೂರನೆಯದು ಕ್ರಯೋಜೆನಿಕ್ ಹಂತ, ಅಂದರೆ ಅತಿ ತಣ್ಣಗಿನ ದ್ರವ ಇಂಧನದಿಂದ ಉರಿಯುವುದು. ಪರದೆಯ ಮೇಲೆ ರಾಕೆಟ್ಟಿನ ಗೆರೆ ಹೋಗಬೇಕಾದ ದಾರಿ ಬಿಟ್ಟು ಕೆಳಗೆ ಬಾಗಲು ಶುರು ಆಯಿತು. ಕಂಟ್ರೋಲ್ ರೂಮಿನಲ್ಲಿ ಮಾತು ನಿಂತಿತು. ಅಷ್ಟು ಜನ ಒಟ್ಟಿಗೆ ಸುಮ್ಮನಾದರೆ ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತಾಗುತ್ತದೆ. ಹಾರಿ 307ನೇ ಸೆಕೆಂಡಿಗೆ ರಾಕೆಟ್ಟಿನ ಒಳಗಿನ ಕಂಪ್ಯೂಟರೇ ಆಟ ಮುಗಿಸಿತ್ತು.

“ಏನಾತು?” ಅಂತ ಕೇಳಿದಳು. ಗೊತ್ತಿಲ್ಲ, ಹುಡುಕುತ್ತಾರೆ ಅಂದೆ. ಆಮೇಲೆ ಪ್ರತಿ ವಾರ “ಸಿಕ್ತಾ?” ಅಂತ ಕೇಳುತ್ತಿದ್ದಳು. ಸಿಕ್ಕಿದ್ದು ಏಳು ತಿಂಗಳಿಗೆ, 2022ರ ಮಾರ್ಚಿನಲ್ಲಿ.

ಇಸ್ರೋ ಬಿಟ್ಟ ಆ ಪ್ರಕಟಣೆಯನ್ನು ಊಟದ ಹೊತ್ತಿನಲ್ಲಿ ಫ್ಯಾಕ್ಟರಿಯಲ್ಲಿ ಓದಿದೆ. ಓದುತ್ತಾ ಓದುತ್ತಾ ತುತ್ತು ಕೈಯಲ್ಲೇ ಉಳಿಯಿತು. ಕಾರಣ ಒಂದು ವಾಲ್ವು!

ಆ ಮೂರನೇ ಹಂತ ಉರಿಯುವುದು ದ್ರವ ಹೈಡ್ರೋಜನ್ ಮತ್ತು ದ್ರವ ಆಕ್ಸಿಜನ್‌ನಿಂದ. ಹೈಡ್ರೋಜನ್ ಇರುವುದು ಸೊನ್ನೆಗಿಂತ ಸುಮಾರು 253 ಡಿಗ್ರಿ ಕೆಳಗೆ. ಸ್ವಲ್ಪ ಬಿಸಿ ತಾಗಿದರೂ ಕುದಿಯುತ್ತದೆ, ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ಜಾಸ್ತಿ ಆದ ಒತ್ತಡ ಹೊರಗೆ ಬಿಡಲು ಟ್ಯಾಂಕಿಗೆ ಒಂದು ವೆಂಟ್ ಅಂಡ್ ರಿಲೀಫ್ ವಾಲ್ವ್ ಇರುತ್ತದೆ. ಕುಕ್ಕರಿನ ಸೀಟಿಯ ಅಣ್ಣ ಅಂದುಕೊಳ್ಳಿ. ಅದು ಬೇಕಾದಾಗ ತೆರೆಯಬೇಕು, ಉಳಿದ ಹೊತ್ತು ಗಟ್ಟಿಯಾಗಿ ಮುಚ್ಚಿರಬೇಕು. ಎಫ್10ರಲ್ಲಿ ಅದು ಸೋರಿತು. ಹಾರಾಟದಲ್ಲಿ ಟ್ಯಾಂಕಿನ ಒತ್ತಡ ಏರಬೇಕಾದಷ್ಟು ಏರಲಿಲ್ಲ. ಇಂಜಿನ್ ಹೊತ್ತಿಕೊಳ್ಳುವ ಹೊತ್ತಿಗೆ ಕಡಿಮೆ ಇತ್ತು. ಟ್ಯಾಂಕಿನ ಒಳಗೇ ಒಂದು ಬೂಸ್ಟರ್ ಪಂಪ್ ಇದೆ, ಅದು ಹೈಡ್ರೋಜನನ್ನು ದೊಡ್ಡ ಪಂಪಿಗೆ ಒದಗಿಸಬೇಕು. ಒತ್ತಡ ಸಾಲದೆ ಆ ಬೂಸ್ಟರ್ ಸರಿಯಾಗಿ ಓಡಲಿಲ್ಲ. ಸಂಪಿನಲ್ಲಿ ನೀರು ತಳ ಮುಟ್ಟಿದಾಗ ಮನೆ ಮೋಟಾರು ಗಾಳಿ ಎಳೆದು ಕೊಸರಾಡುತ್ತದಲ್ಲ, ಪಂಪ್ ಯಾವುದೇ ಇರಲಿ, ಬಾಯಿಗೆ ಸರಿಯಾಗಿ ಬಂದು ಬೀಳದಿದ್ದರೆ ಅದರ ಗತಿ ಅಷ್ಟೇ. ಇಂಜಿನ್ನಿಗೆ ಹೈಡ್ರೋಜನ್ ಸಾಲಲಿಲ್ಲ. ರಾಕೆಟ್ ಹೋಯಿತು.

ಚಹಾದ ಹೊತ್ತಿಗೆ ಇದನ್ನು ಎಲ್ಲರಿಗೂ ಓದಿ ಹೇಳಿದೆ. ನಮ್ಮ ಸ್ಟೋರ್ ಕೀಪರ್ ಕೇಳಿದ ಮೊದಲ ಪ್ರಶ್ನೆ: “ನಮ್ಮ ವಾಲ್ವ್ ಅಲ್ಲ ಹೌದಲ್ರೀ?”

ಅಲ್ಲ ಮಾರಾಯ. ಆದರೆ ವಾಲ್ವ್ ಯಾಕೆ ಸೋರಿತು ಅನ್ನುವುದಕ್ಕೆ ತನಿಖೆಗೆ ಕೂತ ಸಮಿತಿ ಕೊಟ್ಟ ವಿವರ ನಮ್ಮ ಬೆಂಚಿನ ಮೇಲೆ ದಿನಾ ನಡೆಯುವುದೇ. ವಾಲ್ವಿನ ಮೃದು ಸೀಲಿಗೆ ಪೆಟ್ಟಾಗಿದೆ. ತೆರೆದು ಮುಚ್ಚುವಾಗ ಆಗಿರಬಹುದು, ಕಸ ಸಿಕ್ಕಿ ಆಗಿರಬಹುದು, ಇಲ್ಲವೇ ಆ ಚಳಿಯಲ್ಲಿ ವಾಲ್ವ್ ಕೂರಿಸಿದ ಜಾಗದ ಎಳೆತದಿಂದ ಆಗಿರಬಹುದು. ಮೂರೂ ‘ಆಗಿರಬಹುದು’. ವಾಲ್ವ್ ಸೋರಿದ್ದಕ್ಕೂ ಅವರು ಬಳಸಿದ ಮಾತು ‘ಬಹುತೇಕ ಇದೇ ಕಾರಣ’ ಅನ್ನುವ ಅರ್ಥದ್ದು. ನಮ್ಮ ಸ್ಟೋರ್ ಕೀಪರಿಗೆ ಇದು ಸೇರಲಿಲ್ಲ. ಏಳು ತಿಂಗಳು ಹುಡುಕಿ ‘ಬಹುತೇಕ’ವಾ ಅಂದ. ನನಗೆ ಆ ‘ಬಹುತೇಕ’ದ ಮೇಲೆ ಮರ್ಯಾದೆ ಹುಟ್ಟಿತು. ವಾಲ್ವ್ ಕೈಯಲ್ಲಿ ಇಲ್ಲ, ಸಮುದ್ರ ಸೇರಿದೆ. ಉಳಿದದ್ದು ರಾಕೆಟ್ ಹಾರುತ್ತಾ ಕಳಿಸಿದ ಅಂಕಿಗಳು ಮಾತ್ರ. ಅದನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆಮೇಲೆ ಅವತ್ತಿನ ಪರಿಸ್ಥಿತಿಯನ್ನೇ ನೆಲದ ಮೇಲೆ ಸೃಷ್ಟಿಸಿ, ಒಂದಲ್ಲ ಹಲವು ಸಲ ಟೆಸ್ಟ್ ಮಾಡಿ, ಹೌದು ಹೀಗಾದರೆ ಅದೇ ಅಂಕಿ ಬರುತ್ತದೆ ಅಂತ ತೋರಿಸಿದ್ದಾರೆ. ‘ಅವತ್ತಿನ ಪರಿಸ್ಥಿತಿಯನ್ನೇ’ ಅನ್ನುವುದನ್ನು ನೆನಪಿಡಿ. ನಾನು ಎಡವಿದ್ದು ಅಲ್ಲೇ.

ಈಗ ವಾಪಸ್ ನಮ್ಮ ಸೈಟಿಗೆ. ಅವತ್ತು ಐದು ಸಲ ಹಾರಿಸಿದೆವು. ಐದೂ ಕೊಡ ಉರುಳಿದ್ದೇ. ಮನೆಗೆ ಬಂದು ಊಟದ ಮೇಜಿನ ಮೇಲೆ ಸಮಿತಿ ಕೂತಿತು. ಅಧ್ಯಕ್ಷೆ ಮಗಳು. ನಾನು ವಾಲ್ವ್ ತಜ್ಞ. ಅವಳ ಅಮ್ಮ ಸ್ವತಂತ್ರ ಸದಸ್ಯೆ, “ಮೊದಲು ಆ ಒದ್ದೆ ಪ್ಯಾಂಟ್ ಬಿಚ್ಚಿರಿ” ಅನ್ನುವುದು ಅವರ ಮೊದಲ ಶಿಫಾರಸು.

ನನ್ನ ಮೊದಲ ಅನುಮಾನ ಬೇಡಿ ತಂದ ಪಂಪಿನ ಮೇಲೆ. ಬೇರೆಯವರ ವಸ್ತುವಿನ ಮೇಲೆ ಅನುಮಾನ ಪಡುವುದು ಸುಲಭ. ಎರಡನೆಯದು ರೆಕ್ಕೆ. ನೋಡಿದರೆ ಒಂದು ರೆಕ್ಕೆಯನ್ನು ಮಗಳು ತಲೆಕೆಳಗಾಗಿ ಅಂಟಿಸಿದ್ದಳು. ಅದು ಅವಳ ತಪ್ಪಲ್ಲ, ಕಿಟ್‌ನ ತಪ್ಪು. ಎರಡು ತುದಿಯೂ ನೋಡಲು ಒಂದೇ ಥರ, ಬಾಣದ ಗುರುತೂ ಇಲ್ಲ. ಬಾಣ ಇದ್ದರೂ ಅಷ್ಟೇ ಅನ್ನಿ. 2013ರ ಜುಲೈ 2ರಂದು ಬೈಕನೂರಿನಲ್ಲಿ ರಷ್ಯಾದ ಪ್ರೋಟಾನ್-ಎಂ ರಾಕೆಟ್ ಎದ್ದ ಕೂಡಲೇ ಓಲಾಡಿ, ಮಗುಚಿ, ದಾರಿ ತೋರಿಸುವ ಮೂರು ಗ್ಲೊನಾಸ್ ಉಪಗ್ರಹಗಳ ಸಮೇತ ನೆಲಕ್ಕೆ ಬಿತ್ತು. ತಿರುಗುವಿಕೆ ಅಳೆಯುವ ಆರು ಸೆನ್ಸರ್‌ಗಳಲ್ಲಿ ಮೂರನ್ನು ತಲೆಕೆಳಗಾಗಿ ಕೂರಿಸಿದ್ದರು. ಅವುಗಳ ಮೇಲೆ ಬಾಣದ ಗುರುತು ಇತ್ತು. ಮಗಳಿಗೆ ಇದನ್ನು ಹೇಳಿದ ಮೇಲೆ ಅವಳ ಮುಖ ಸ್ವಲ್ಪ ಅರಳಿತು.

ರೆಕ್ಕೆ ಸರಿ ಮಾಡಿದೆವು. ಬಾಟಲಿ ನೆಟ್ಟಗೆ ಹೋಯಿತು. ನೆಟ್ಟಗೆ ಕಂಪೌಂಡ್ ಎತ್ತರಕ್ಕೆ ಹೋಗಿ ನೆಟ್ಟಗೆ ಬಿತ್ತು. ಅಂದರೆ ಒತ್ತಡವೇ ಸಾಲುತ್ತಿಲ್ಲ. ಇನ್ನು ಉಳಿದದ್ದು ಸೋರಿಕೆ. ಸೋರಿಕೆ ಅಂದಮೇಲೆ ನನ್ನ ಎದೆ ಉಬ್ಬಿತು.

ಬಚ್ಚಲಿನಲ್ಲಿ ದೊಡ್ಡ ಬುಟ್ಟಿಗೆ ನೀರು ತುಂಬಿದೆ. ಬಾಟಲಿ ಸಿಕ್ಕಿಸಿ, ಪಂಪ್ ಹೊಡೆದು, ಸ್ಟ್ಯಾಂಡು, ಕೊಳವೆ, ಪೈಪು, ಜಾಯಿಂಟು, ವಾಲ್ವು, ಎಲ್ಲವನ್ನೂ ಮುಳುಗಿಸಿ ಹಿಡಿದೆ. ಐದು ನಿಮಿಷ ನೋಡಿದೆ. ರಬ್ಬರ್ ರಿಂಗಿನ ಹತ್ತಿರ ಕಣ್ಣಿಟ್ಟು ನೋಡಿದೆ. ಒಂದು ಗುಳ್ಳೆ ಇಲ್ಲ. ಮಗಳು ನೋಟ್‌ಬುಕ್ಕಿನಲ್ಲಿ ಬರೆದಳು: ‘ಲೀಕ್ ಟೆಸ್ಟ್ ಪಾಸ್. ಸಹಿ: ಅಪ್ಪ.’ ನಾನು ಸಹಿ ಹಾಕಿದೆ. ಆ ಪುಟ ಇನ್ನೂ ಇದೆ, ಹರಿಯಲು ಕೊಡುತ್ತಿಲ್ಲ.

ಮುಂದಿನ ಭಾನುವಾರವೂ ಕಂಪೌಂಡ್ ಎತ್ತರವೇ. ಏಳನೇ ಸಲವೋ ಎಂಟನೇ ಸಲವೋ ಪಂಪ್ ಬಿಚ್ಚುವ ಹೊತ್ತಿಗೆ ಹನಿ ಬೀಳಲು ಶುರು ಆಯಿತು. ಮಕ್ಕಳೆಲ್ಲ ಓಡಿದವು. ಮಗಳು ಎಣಿಸದೆ, ಏನೂ ಮಾಡದೆ, ದಾರ ಎಳೆದೇ ಬಿಟ್ಟಳು. ಬುಸ್ಸ್ ಅಂತ ಒಂದು ಸದ್ದು. ಬಾಟಲಿ ಎದುರಿನ ಮೂರು ಮಹಡಿ ಮನೆಯ ನೀರಿನ ಟ್ಯಾಂಕಿಗಿಂತ ಮೇಲೆ ಹೋಯಿತು! ನಾವಿಬ್ಬರೂ ಮಳೆಯಲ್ಲಿ ಬಾಯಿ ತೆರೆದುಕೊಂಡು ನಿಂತೆವು.

ನನಗೆ ಇನ್ನೂ ಗೊಂದಲ ಆಯಿತು. ಅದೇ ಬಾಟಲಿ, ಅದೇ ಮೂವತ್ತು ಪಂಪು, ಅದೇ ನೀರು. ಒಮ್ಮೆ ಹಾರುತ್ತದೆ, ಉಳಿದಾಗ ಇಲ್ಲ. ಬೆಂಚಿನ ಮೇಲೆ ಇಂಥ ವಾಲ್ವ್ ಬಂದರೆ ನಮಗೆ ತಲೆನೋವು. ಸೋರುವುದಾದರೆ ಯಾವಾಗಲೂ ಸೋರಬೇಕು, ಆಗ ಹಿಡಿಯಬಹುದು.

ಅಧ್ಯಕ್ಷೆ ರಾತ್ರಿ ನೋಟ್‌ಬುಕ್ ತೆರೆದು ಕೂತಿದ್ದಳು. “ಅಪ್ಪಾ, ಎಣಿಸಿದಾಗೆಲ್ಲ ಫೇಲು. ಎಣಿಸಲಾರದಾಗ ಪಾಸು.” ನಾನು ಎಣಿಕೆಗೂ ರಾಕೆಟ್ಟಿಗೂ ಏನು ಸಂಬಂಧ ಅಂತ ನಕ್ಕೆ. ನಕ್ಕ ಮೇಲೆ ಹೊಳೆಯಿತು. ಎಣಿಕೆಗೆ ಅಲ್ಲ, ಹೊತ್ತಿಗೆ ಸಂಬಂಧ. ಪಂಪ್ ಬಿಚ್ಚಿ, ಮಕ್ಕಳನ್ನು ಸರಿಸಿ, ಜಗಳ ಬಿಡಿಸಿ, ಎಣಿಸಿ ದಾರ ಎಳೆಯುವಷ್ಟರಲ್ಲಿ ಒಂದು ನಿಮಿಷ ಹೋಗುತ್ತದೆ. ಆ ಒಂದು ನಿಮಿಷದಲ್ಲಿ ಗಾಳಿ ಎಲ್ಲೋ ಹೋಗುತ್ತಿದೆ. ಆದರೆ ಬುಟ್ಟಿಯಲ್ಲಿ ಐದು ನಿಮಿಷ ಹಿಡಿದರೂ ಹೋಗಲಿಲ್ಲವಲ್ಲ?

ಮರುದಿನ ಕೆಲಸ ಮುಗಿಸಿ ಬರುವಾಗ ಸ್ಟ್ಯಾಂಡನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಏರಿಯಾದ ಪಂಕ್ಚರ್ ಚಾಚಾ ಹತ್ತಿರ ಹೋದೆ. ಇಡೀ ಕಥೆ ಹೇಳಲು ಶುರು ಮಾಡಿದೆ. ಇಸ್ರೋದ ಹೆಸರೂ ತೆಗೆದೆ. ಚಾಚಾ ಅರ್ಧಕ್ಕೇ ಕೈ ಎತ್ತಿದರು. ಕಂಪ್ರೆಸರಿನಿಂದ ಒಂದಿಷ್ಟು ಗಾಳಿ ಹೊಡೆದರು. ಪೈಪ್ ತೆಗೆದರು. ತೋರುಬೆರಳು ನಾಲಿಗೆಗೆ ಮುಟ್ಟಿಸಿ, ಆ ಎಂಜಲನ್ನು ವಾಲ್ವಿನ ಬಾಯಿಗೆ ಸವರಿದರು.

ಒಂದು ಗುಳ್ಳೆ ಎದ್ದಿತು. ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಗಿ ಒಡೆಯಿತು. ಹಿಂದೆಯೇ ಇನ್ನೊಂದು. ಅದರ ಹಿಂದೆ ಇನ್ನೊಂದು.

“ಪಿನ್ ಹೋಗೇತ್ರಿ ಸರ. ಹತ್ತು ರೂಪಾಯಿ.”

ಬುಟ್ಟಿಯಲ್ಲಿ ಯಾಕೆ ಕಾಣಲಿಲ್ಲ ಅಂತ ನಿಮಗೆ ಹೊಳೆದಿರಬಹುದು. ನನಗೆ ಅಲ್ಲಿ ನಿಂತಾಗ ಹೊಳೆಯಿತು. ಬುಟ್ಟಿಯಲ್ಲಿ ನಾನು ಪಂಪ್ ಬಿಚ್ಚಿರಲೇ ಇಲ್ಲ. ಪಂಪಿನ ಬಾಯಿ ವಾಲ್ವಿನ ಮೇಲೆ ಮುಚ್ಚಳದ ಹಾಗೆ ಬಿಗಿಯಾಗಿ ಕೂತಿತ್ತು, ಗಾಳಿ ಹೋಗಲು ದಾರಿಯೇ ಇಲ್ಲ. ಸೈಟಿನಲ್ಲಿ ಪಂಪ್ ಬಿಚ್ಚುತ್ತೇವೆ, ಆಗ ಗಾಳಿ ತಡೆಯುವುದು ಆ ಪಿನ್ನಿನ ರಬ್ಬರ್ ಒಂದೇ. ಹತ್ತೊಂಬತ್ತು ವರ್ಷ ಸೋರಿಕೆ ನೋಡಿದವನು, ಹಾರಿಸುವ ಹೊತ್ತಿನ ಸ್ಥಿತಿಯಲ್ಲಿ ಟೆಸ್ಟ್ ಮಾಡದೆ ಸಹಿ ಹಾಕಿದ್ದೆ. ಚಾಚಾಗೆ ಹತ್ತರ ಬದಲು ಇಪ್ಪತ್ತು ಕೊಟ್ಟೆ, ಎರಡು ಪಿನ್ ತಂದೆ. ಅವರು ಈ ಟೆಸ್ಟಿಗೆ ಬಳಸಿದ ಸಾಮಗ್ರಿಯ ಖರ್ಚು ಸೊನ್ನೆ.

ಆಮೇಲೆ ಒಂದು ಮಾತು ನನ್ನನ್ನು ಕಾಡಿತು. ಎಫ್10ರಲ್ಲಿ ಎಡವಟ್ಟು ಮಾಡಿದ್ದು ಮೇಲ್ನೋಟಕ್ಕೆ ಆ ಬೂಸ್ಟರ್ ಪಂಪ್. ಅದೇ ಥರದ ಪಂಪ್ ಹನ್ನೊಂದು ವರ್ಷ ಹಿಂದೆ, 2010ರ ಏಪ್ರಿಲ್ 15ರಂದು ಜಿಎಸ್ಎಲ್‌ವಿ ಡಿ3ರಲ್ಲೂ ಕೈ ಕೊಟ್ಟಿತ್ತು. ನಮ್ಮದೇ ಕ್ರಯೋಜೆನಿಕ್ ಇಂಜಿನ್ ಮೊದಲ ಸಲ ಹಾರಿದ ದಿನ ಅದು. ಪಂಪ್ ಓಡಲು ಶುರು ಮಾಡಿ ನಿಂತುಹೋಯಿತು. ಸೀಲಿನ ಹತ್ತಿರ ತಿರುಗುವ ಭಾಗ ಕಚ್ಚಿಕೊಂಡಿರಬಹುದು, ಇಲ್ಲವೇ ಟರ್ಬೈನ್ ಕವಚ ಒಡೆದಿರಬಹುದು ಅಂತ ಆಗ ಹೇಳಿದ್ದರು. 2021ರಲ್ಲಿ ಮತ್ತೆ ಅದೇ ಪಂಪಿನ ಅಂಕಿ ಕೆಟ್ಟದ್ದು ಕಂಡಾಗ, ‘ಹಳೆ ರೋಗ’ ಅಂತ ಅದರ ತಲೆಗೆ ಕಟ್ಟಿ ಎದ್ದುಹೋಗುವುದು ಎಷ್ಟು ಸುಲಭ ಇತ್ತು! ನಾನು ಪಕ್ಕದ ಮನೆಯ ಪಂಪಿನ ತಲೆಗೆ ಕಟ್ಟಿದ ಹಾಗೆ. ಅವರು ಹಾಗೆ ಮಾಡಲಿಲ್ಲ. ಪಂಪಿನಿಂದ ಟ್ಯಾಂಕಿಗೆ ಹೋದರು, ಟ್ಯಾಂಕಿನಿಂದ ವಾಲ್ವಿಗೆ, ವಾಲ್ವಿನಿಂದ ಸೀಲಿಗೆ.

ನಮ್ಮ ಸಮಿತಿಯೂ ದೃಢಪಡಿಸುವ ಟೆಸ್ಟ್ ಮಾಡಿತು. ಇದಕ್ಕೆ ಅಂತಲೇ ಮೀಟರ್ ಇರುವ ಕಾಲು ಪಂಪ್ ಕೊಂಡೆ, 800 ರೂಪಾಯಿ. ಹಳೆ ಪಿನ್ ಹಾಕಿ 50 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಏರಿಸಿ, ಪಂಪ್ ತೆಗೆದು, ಕೂಡಲೇ ಮತ್ತೆ ಸಿಕ್ಕಿಸಿದರೆ 47. ಸಿಕ್ಕಿಸುವಾಗ ಪಂಪಿನ ಪೈಪಿಗೆ ಅಷ್ಟು ಗಾಳಿ ಹೋಗುತ್ತದೆ, ಅದು ಲೆಕ್ಕಕ್ಕೆ ಇಲ್ಲ. ಒಂದು ನಿಮಿಷ ಬಿಟ್ಟು ಸಿಕ್ಕಿಸಿದರೆ 29. ಹೊಸ ಪಿನ್ ಹಾಕಿ ಒಂದು ನಿಮಿಷ ಬಿಟ್ಟರೆ 47ಕ್ಕೆ 47. ಮೂರು ಮೂರು ಸಲ ಮಾಡಿದೆವು. ಮಗಳು ಪ್ರತಿ ಸಲ ಬರೆದಳು, ಈ ಸಲ ಸಹಿಯನ್ನು ಅವಳೇ ಹಾಕಿದಳು.

ಹಳೆ ಪಿನ್ನನ್ನು ಫ್ಯಾಕ್ಟರಿಗೆ ಒಯ್ದು ಭೂತಗನ್ನಡಿ ಕೆಳಗಿಟ್ಟೆ. ಎಳ್ಳಿಗಿಂತ ಚಿಕ್ಕ ರಬ್ಬರ್. ಅದರ ಅಂಚಿನಲ್ಲಿ ಉಗುರಿನಿಂದ ಗೀಚಿದಂಥ ಒಂದು ಕಚ್ಚು. ಮರಳಿನ ಕಣ ಸಿಕ್ಕಿ ಆಯಿತೋ, ಪಿನ್ ಬಿಗಿ ಮಾಡುವಾಗ ಓರೆಯಾಗಿ ತಿರುವಿ ಆಯಿತೋ, ಕೂರುವ ಜಾಗದಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಉಳಿದಿತ್ತೋ, ಹೇಳಲಾರೆ. ಕೈಯಲ್ಲೇ ಹಿಡಿದುಕೊಂಡು ನೋಡಿದರೂ ಹೇಳಲಾರೆ. ಸ್ಟೋರ್ ಕೀಪರನ್ನು ಕರೆದು ತೋರಿಸಿದೆ. ಅವನೂ ಬಹಳ ಹೊತ್ತು ನೋಡಿದ. “ಬಹುತೇಕ ಮರಳು,” ಅಂದ.

ಕಿಟ್ ಮಾಡಿದವರ ಮೇಲೆ ನನಗೆ ಜಾಸ್ತಿ ಸಿಟ್ಟಿಲ್ಲ. ಟೆಸ್ಟಿಂಗಿನವನ ಕಷ್ಟ ನನಗೆ ಗೊತ್ತು. 2006ರ ಜುಲೈ 10ರಂದು ಇನ್ಸಾಟ್-4ಸಿ ಹೊತ್ತ ಜಿಎಸ್ಎಲ್‌ವಿ ಎಫ್02 ಎದ್ದ ಕೂಡಲೇ ಅದರ ನಾಲ್ಕು ಪಕ್ಕದ ಇಂಜಿನ್‌ಗಳಲ್ಲಿ ಒಂದು ಸೋತಿತು. ಇಂಧನದ ಹರಿವು ನಿಯಂತ್ರಿಸುವ ಒಂದು ರೆಗ್ಯುಲೇಟರಿನಲ್ಲಿ ತಯಾರಿಸುವಾಗ ಆದ ತಪ್ಪು ಕಾರಣ ಅಂದರು. ಆ ತಪ್ಪು ತಪಾಸಣೆಯ ಕಣ್ಣನ್ನೂ ತಪ್ಪಿಸಿ ಹೋಗಿತ್ತು ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. ಅದನ್ನು ಓದಿದಾಗಿನಿಂದ, ಶಿಫ್ಟಿನ ಕೊನೆಯ ವಾಲ್ವಿಗೆ ಸಹಿ ಹಾಕುವಾಗ ನಾನು ಇನ್ನೊಂದು ಸಲ ನೋಡುತ್ತೇನೆ. ಆದರೂ ನಮ್ಮ ಬಚ್ಚಲಿನಲ್ಲಿ ಹಾಕಿದ ಸಹಿ ನೋಡಿದಿರಲ್ಲ.

ಆದರೆ ಒಂದು ಮಾತ್ರ ಹೇಳಲೇಬೇಕು. ಮೂರನೇ ಹಂತ ಕೆಟ್ಟಾಗ ಇಸ್ರೋ ಹತ್ತಿರ ರಾಕೆಟ್ ಇರಲಿಲ್ಲ, ಅಂಕಿ ಇತ್ತು. ನಮ್ಮ ಹತ್ತಿರ ರಾಕೆಟ್ ಕೈಯಲ್ಲೇ ಇತ್ತು, ಒಂದೇ ಒಂದು ಅಂಕಿ ಇರಲಿಲ್ಲ. ಎಷ್ಟು ಒತ್ತಡ ಇದೆ ಅಂತ ತೋರಿಸುವ ಒಂದು ಚಿಕ್ಕ ಮೀಟರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದ್ದರೆ ಮೊದಲ ಭಾನುವಾರವೇ ಗೊತ್ತಾಗುತ್ತಿತ್ತು. ನೂರೋ ನೂರೈವತ್ತೋ ಜಾಸ್ತಿ ತಗೊಂಡು ಅದನ್ನು ಕೊಡಿ ಸ್ವಾಮಿ. ಮೂತಿಯ ಮೇಲೆ ಹೊಳೆಯುವ ಸ್ಟಿಕ್ಕರ್ ಕೊಟ್ಟಿದ್ದೀರಲ್ಲ, ಅದು ಬೇಡ. ಮೀಟರ್ ಇದ್ದರೆ ಇನ್ನೊಂದು ಉಪಕಾರ: ಉಮೇದಿಗೆ ಬಿದ್ದು ಯಾರೂ 60 ದಾಟಿಸುವುದಿಲ್ಲ. ಎಣಿಸುತ್ತಾ ಪಂಪ್ ಹೊಡೆದರೆ ಎಲ್ಲಿಗೆ ಮುಟ್ಟಿತು ಅಂತ ಯಾರಿಗೆ ಗೊತ್ತು?

ಎಫ್10 ಆದ ಮೇಲೆ ಮಾಡಿದ ಶಿಫಾರಸುಗಳನ್ನು ಮಗಳು ನಮ್ಮ ರಾಕೆಟ್ಟಿಗೂ ಇಳಿಸಿದಳು. ಅಲ್ಲಿ, ಇಂಜಿನ್ ಹೊತ್ತಿಸುವ ಮುಂಚೆ ಟ್ಯಾಂಕಿನಲ್ಲಿ ಒತ್ತಡ ಸಾಕಷ್ಟು ಇರುವ ಹಾಗೆ ನೋಡಿಕೊಳ್ಳುವ ಬೇರೆ ಏರ್ಪಾಡು. ಇಲ್ಲಿ, ಮೂರು ಮೀಟರ್ ಪೈಪ್ ತಂದು ಕೊನೆಯ ಎಣಿಕೆಯವರೆಗೂ ಪಂಪ್ ಬಿಚ್ಚದಿರುವುದು. ಅಲ್ಲಿ, ಸೋರದ ಹಾಗೆ ವಾಲ್ವ್ ಗಟ್ಟಿ ಮಾಡುವುದು. ಇಲ್ಲಿ, ಹತ್ತು ರೂಪಾಯಿಯ ಪಿನ್. ಅಲ್ಲಿ, ಹಾರಲು ಅನುಮತಿ ಕೊಡುವ ಮುಂಚೆ ಕ್ರಯೋಜೆನಿಕ್ ಹಂತದ ಇನ್ನಷ್ಟು ಅಂಕಿಗಳನ್ನು ಯಂತ್ರವೇ ನೋಡುವುದು. ಇಲ್ಲಿ, ಮೀಟರ್ 45ಕ್ಕಿಂತ ಕೆಳಗಿದ್ದರೆ ಯಾರೂ ಎಣಿಸುವಂತಿಲ್ಲ. 2023ರ ಮೇ 29ರಂದು ಮುಂದಿನ ಜಿಎಸ್ಎಲ್‌ವಿ, ಎಫ್12, ದಾರಿ ತೋರಿಸುವ ಎನ್‌ವಿಎಸ್-01 ಉಪಗ್ರಹವನ್ನು ಸರಿಯಾದ ಜಾಗಕ್ಕೆ ಮುಟ್ಟಿಸಿತ್ತು. ಅವತ್ತು ಮೂರನೇ ಹಂತ ಹೊತ್ತಿಕೊಂಡು ಮುಗಿಯುವವರೆಗೆ ಮಗಳು ನನ್ನ ತೋಳು ಚಿವುಟಿ ಹಿಡಿದಿದ್ದಳು, ಗುರುತು ಎರಡು ದಿನ ಇತ್ತು. ನಮ್ಮದು ಶಾಲೆಯ ಮೈದಾನದಲ್ಲಿ ನಾಲ್ಕಕ್ಕೆ ನಾಲ್ಕೂ ಹಾರಿತು. ಒಂದು ಹೆಡ್‌ಮಾಸ್ಟರರ ಸ್ಕೂಟರಿನ ಮೇಲೆ ಇಳಿಯಿತು.

ಉಳಿದ ವಿಷಯ ಚುಟುಕಾಗಿ. ಹಲ್ಲುಗಳು ಗಟ್ಟಿ, ನೂರು ಸಲ ಆದರೂ ಸವೆದಿಲ್ಲ. ದಾರ ಚೆನ್ನಾಗಿದೆ. ರಬ್ಬರ್ ರಿಂಗ್ ಒಳ್ಳೆಯದು, ಒಂದು ಹೆಚ್ಚಿಗೆ ಕೊಟ್ಟಿದ್ದಾರೆ, ಅದಕ್ಕೆ ಮೆಚ್ಚಬೇಕು. ರೆಕ್ಕೆಗೆ ಕೊಟ್ಟ ಅಂಟು ನೀರು ತಾಗಿದರೆ ಬಿಡುತ್ತದೆ. ನೀರಿನ ರಾಕೆಟ್ಟಿಗೆ ನೀರಿಗೆ ಬಿಡುವ ಅಂಟು! ಟೇಪ್ ಸುತ್ತಿ. ಜೊತೆಗೆ ಬರುವ ಹಾಳೆಯಲ್ಲಿ ಕನ್ನಡ ಇಲ್ಲ, ಚಿತ್ರದಲ್ಲಿ ಬಾಟಲಿಗೆ ಅರ್ಧಕ್ಕಿಂತ ಜಾಸ್ತಿ ನೀರು ತೋರಿಸಿದ್ದಾರೆ. ಮೂರನೇ ಒಂದು ಪಾಲೇ ಸರಿ, ನಾವು ಎಲ್ಲ ಅಳತೆಯಲ್ಲೂ ಹಾರಿಸಿ ನೋಡಿದ್ದೇವೆ. ಬಾಟಲಿಯ ಮೇಲೆ ಬಗ್ಗಿ ನೋಡಬೇಡಿ, ಮಕ್ಕಳನ್ನು ದಾರದ ತುದಿ ದಾಟಿ ಬಾಟಲಿಯ ಹತ್ತಿರ ಬಿಡಬೇಡಿ.

ಮಾರಿದವರಿಗೆ ಮೆಸೇಜ್ ಹಾಕಿದ್ದೆ, ವಾಲ್ವ್ ಸೋರುತ್ತಿದೆ ಅಂತ. ‘ಸೋರಿಕೆಯ ಫೋಟೊ ಕಳಿಸಿ’ ಅಂದರು. ಗಾಳಿಯ ಫೋಟೊ ಹೇಗೆ ತೆಗೆಯುವುದು? ಮಗಳು ತನ್ನ ಬೆರಳಿನ ಎಂಜಲು ಸವರಿ, ಗುಳ್ಳೆ ಎದ್ದು ಒಡೆಯುವ ವಿಡಿಯೋ ಮಾಡಿ ಕಳಿಸಿದಳು. ಅವರು ತಕರಾರು ಮಾಡದೆ ಒಂದು ವಾರದಲ್ಲಿ ಲಕೋಟೆಯಲ್ಲಿ ಎರಡು ಹೊಸ ಪಿನ್ ಕಳಿಸಿದರು. ಅದಕ್ಕೇ ಮೂರು ಸ್ಟಾರ್, ಇಲ್ಲದಿದ್ದರೆ ಎರಡು ಕೊಡುತ್ತಿದ್ದೆ. ಬಂದ ಕೂಡಲೇ ಎರಡನ್ನೂ ಹಾಕಿ, ಪಂಪ್ ಬಿಚ್ಚಿ, ಎಂಜಲು ಹಚ್ಚಿ ನೋಡಿದಳು. ಒಂದು ಪಾಸು. ಇನ್ನೊಂದರಲ್ಲಿ ಸಾಸಿವೆಯಷ್ಟು ಗುಳ್ಳೆ. ಅದನ್ನೂ ಹಳೆಯದನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ‘ಎಫ್10’ ಅಂತ ಬರೆದು ನನ್ನ ಟಿಫಿನ್ ಚೀಲಕ್ಕೆ ಹಾಕಿದ್ದಾಳೆ. ಭೂತಗನ್ನಡಿಯಲ್ಲಿ ನೋಡಿಕೊಂಡು ಬರಬೇಕಂತೆ.